ದಿಬ್ಬದ ಆಚೆಯ ದಾರಿ

ಜಮಖಂಡಿಯ ನಮ್ಮ ಹೊಲಕ್ಕೆ ಹೋಗುವ ಬಂಡಿದಾರಿಯಲ್ಲಿ ಒಂದು ದಿಬ್ಬವಿದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಓಡಾಡಿ ಅಲ್ಲಿಯ ಎರೆಮಣ್ಣು ಹಿಟ್ಟಿನಂತಾಗಿರುತ್ತದೆ. ಎದುರಿಗೆ ಏನು ಬರುತ್ತಿದೆ ಎಂಬುದು ನೆತ್ತಿಗೆ ಏರುವವರೆಗೆ ಕಾಣುವುದಿಲ್ಲವಾದ್ದರಿಂದ ನಾವೆಲ್ಲ ಬೈಕಿನ ವೇಗ ತಗ್ಗಿಸಿ, ಹಾರ್ನ್ ಹೊಡೆದೇ ಮುಂದೆ ಸಾಗುತ್ತೇವೆ. ಫಿನ್‌ಲೆಂಡಿನ ರ‍್ಯಾಲಿ (ದಾರಿಯನ್ನು ಹಂತಗಳಾಗಿ ವಿಂಗಡಿಸಿ, ಹಿಡಿದ ಸಮಯ ಎಣಿಸುವ ಕಾರು ಸ್ಪರ್ಧೆ) ಚಾಲಕ ಕಲ್ಲೆ ರೋವನ್‌ಪೆರಾ ಇಂಥದ್ದೇ ದಿಬ್ಬದ ಮೇಲಿಂದ ಕಾರನ್ನು ಹಾರಿಸಿಕೊಂಡು ಹೋಗುವುದನ್ನು ಮೊಬೈಲಿನಲ್ಲಿ ನೋಡಿದ ನನ್ನ ಅಣ್ಣನ ಮಗ, “ಕಾಕಾ, ಮುಂದ ದಾರಿ ಕಾಣ್ದ ಇದ್ರೂ ಅಂವಾ ಯಾಕ ಬ್ರೇಕ್ ಹಾಕೂದಿಲ್ಲ?” ಎಂದು ಕೇಳಿದ.

ಉತ್ತರ ಪಕ್ಕದ ಸೀಟಿನಲ್ಲಿದೆ. ಸ್ಪರ್ಧೆಗೆ ಮೊದಲೇ ಚಾಲಕ ಮತ್ತು ಪಕ್ಕದಲ್ಲಿ ಕೂರುವ ಸಹಚಾಲಕ ಇಬ್ಬರೂ ಆ ದಾರಿಯಲ್ಲಿ ನಿಧಾನವಾಗಿ ಸಾಗಿ, ಪ್ರತಿ ತಿರುವು, ಪ್ರತಿ ಏರನ್ನು ಟಿಪ್ಪಣಿ ಮಾಡಿಕೊಂಡಿರುತ್ತಾರೆ. ಸ್ಪರ್ಧೆಯಲ್ಲಿ ಸಹಚಾಲಕ ಯೊನ್ನೆ ಹಾಲ್ಟುನೆನ್ ಅದನ್ನು ಓದುತ್ತ ಹೋದಂತೆ ಕಲ್ಲೆ ಕಣ್ಣಿಗೆ ಬೀಳದ ದಾರಿಯನ್ನು ಕಿವಿಯಿಂದ ತಿಳಿದು ಸ್ಟೇರಿಂಗ್ ತಿರುಗಿಸುತ್ತಿದ್ದರು.

ಕಲ್ಲೆ ಹುಟ್ಟಿದ್ದು 2000ದ ಅಕ್ಟೋಬರ್ 1ರಂದು. ತಂದೆ ಹರ್ರಿ ರೋವನ್‌ಪೆರಾ 2001ರ ಸ್ವೀಡನ್ ರ‍್ಯಾಲಿ ಗೆದ್ದವರು. ಎಂಟು ವರ್ಷದ ಹುಡುಗ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ಓಡಿಸುವ ವಿಡಿಯೊವನ್ನು ಲೋಕವೇ ನೋಡಿತು. ಆದರೆ ನನಗೆ ಹೆಚ್ಚು ಹಿಡಿಸುವುದು ಲ್ಯಾಟ್ವಿಯಾದ ದಿನಗಳು: ಲೈಸೆನ್ಸಿನ ವಯಸ್ಸಾಗಿರದ ಕಾರಣ ಸಾರ್ವಜನಿಕ ರಸ್ತೆಯಲ್ಲಿ ಸಹಚಾಲಕರೇ ಕಾರು ನಡೆಸುತ್ತಿದ್ದರು, ಸ್ಪರ್ಧೆಯ ದಾರಿ ಬಂದೊಡನೆ ಹುಡುಗ ಸೀಟು ಬದಲಿಸುತ್ತಿದ್ದ. ಹಾಗೆ ಓಡಿಸಿಯೇ 2016ರಲ್ಲಿ ಆತ ಆ ದೇಶದ ಚಾಂಪಿಯನ್ ಆದ.

ಟೊಯೋಟಾ ತಂಡ ಸೇರಿದ ಮರುವರ್ಷ, 2021ರಲ್ಲಿ, ಎಸ್ಟೋನಿಯಾದಲ್ಲಿ ಗೆದ್ದು ವಿಶ್ವ ರ‍್ಯಾಲಿಯ ಅತಿ ಕಿರಿಯ ವಿಜೇತರೆನಿಸಿದರು. 2022ರ ಕ್ರೊಯೇಷಿಯಾ ರ‍್ಯಾಲಿಯನ್ನು ನಾನು ಮರೆಯಲಾರೆ. ಟೈರಿನ ಆಯ್ಕೆ ಕೈಕೊಟ್ಟು, ಕೊನೆಯ ಹಂತಕ್ಕೆ ಮುಂಚೆ ಮುನ್ನಡೆ ಕೈಬಿಟ್ಟಿತ್ತು; ಆ ಒಂದೇ ಹಂತದಲ್ಲಿ ಅದನ್ನು ಮರಳಿ ಪಡೆದು ಕೇವಲ 4.3 ಸೆಕೆಂಡುಗಳಿಂದ ಗೆದ್ದರು. ಅದೇ ವರ್ಷ, 22 ತುಂಬಿದ ಮರುದಿನ, ನ್ಯೂಜಿಲೆಂಡಿನಲ್ಲಿ ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು. 2002ರ ಮಾರ್ಕಸ್ ಗ್ರೋನ್‌ಹೋಮ್ ಬಳಿಕ ಫಿನ್‌ಲೆಂಡಿಗೆ ಆ ಪಟ್ಟ ಬಂದಿರಲೇ ಇಲ್ಲ. 2023ರಲ್ಲಿ ಅದನ್ನು ಉಳಿಸಿಕೊಂಡರು.

ಆದರೂ ತವರಿನ ರ‍್ಯಾಲಿ ಒಲಿಯದೆ ಸತಾಯಿಸಿತು. 2024ರಲ್ಲಿ ಎರಡೇ ಹಂತ ಉಳಿದಿದ್ದಾಗ, ಮುನ್ನಡೆಯಲ್ಲಿದ್ದ ಅವರ ಕಾರು ದಾರಿಯಲ್ಲಿದ್ದ ಕಲ್ಲಿಗೆ ಬಡಿದು ಉರುಳಿತು. ಎಷ್ಟು ಬರೆದಿಟ್ಟುಕೊಂಡರೂ ನಂತರ ಸಡಿಲಗೊಂಡು ಬಂದ ಕಲ್ಲು ಟಿಪ್ಪಣಿಯಲ್ಲಿ ಇರುವುದಿಲ್ಲ. ಆ ಸ್ಪರ್ಧೆ ನಡೆಯುವ ಯುವಾಸ್ಕುಲಾದ ಕಾಡಿನಂಚಿನಲ್ಲಿ ನಿಂತ ಜನ ಅವರನ್ನು ತಮ್ಮ ಮನೆಯ ಮಗನಂತೆ ಕಾಣುವುದಕ್ಕೆ ಆ ಸೋಲುಗಳೂ ಕಾರಣವೆಂದು ನಾನು ನಂಬುತ್ತೇನೆ. 2025ರಲ್ಲಿ ಅಲ್ಲಿಯೇ, ಗಂಟೆಗೆ ಸುಮಾರು 130 ಕಿ.ಮೀ. ಸರಾಸರಿ ವೇಗದಲ್ಲಿ, ಅವರು ಕೊನೆಗೂ ಗೆದ್ದರು.

ಅದೇ ವರ್ಷದ ಅಕ್ಟೋಬರಿನಲ್ಲಿ ರ‍್ಯಾಲಿ ಬಿಟ್ಟು ಟ್ರ್ಯಾಕಿನಲ್ಲಿ ಚಾಲಕ ಒಬ್ಬರೇ ಕಾರು ಓಡಿಸುವ ಸರ್ಕ್ಯೂಟ್ ರೇಸಿಂಗಿಗೆ ಹೋಗುವುದಾಗಿ ಪ್ರಕಟಿಸಿದರು. ಸುದ್ದಿ ಓದಿ ಹೇಳಿದಾಗ ಅಣ್ಣನ ಮಗ ಕೇಳಿದ್ದು ಹಾಲ್ಟುನೆನ್ ಅವರ ಕುರಿತು: “ಹಂಗಾರ ಇನ್ನ ಬಾಜೂಕ ಕುಂತು ದಾರಿ ಹೇಳಾವ್ರು ಯಾರು?”