ಪ್ಲಾಸ್ಟಿಕ್ ಕುದುರೆಯ ಜಾತಕ

ಮಗಳು ಓದಲು ಬೇರೆ ಊರಿಗೆ ಹೋದಳು, ಅವಳ ಕುದುರೆ ಹುಚ್ಚು ಮಾತ್ರ ನನ್ನ ಹತ್ತಿರವೇ ಉಳಿಯಿತು. ನಾವಿರುವ ಒಹಾಯೊದಲ್ಲಿ ಪ್ಲಾಸ್ಟಿಕ್ಕಿನ ಮಾದರಿ ಕುದುರೆ ಸಂಗ್ರಹಿಸುವವರಿಗೇನೂ ಬರವಿಲ್ಲ. ಇವನ್ನು ಮಾಡುವ ಬ್ರೇಯರ್ ಕಂಪನಿಯವರು 1950ರಲ್ಲಿ ಮೊದಲ ಕುದುರೆ ಮಾಡಿದ್ದು ಒಂದು ಗಡಿಯಾರದ ಅಲಂಕಾರಕ್ಕಂತೆ. ಈಗ ಪ್ರತಿ ಜುಲೈನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಅವರದೇ ಜಾತ್ರೆ ನಡೆಯುತ್ತದೆ.

ಕೊಂಡು ಕಪಾಟಿನಲ್ಲಿಟ್ಟರೆ ಕೆಲವರಿಗೆ ಸಮಾಧಾನವಿಲ್ಲ. ಹೆಸರು, ತಳಿ, ತಂದೆ, ತಾಯಿ ಎಲ್ಲ ಬರೆದು, ವಂಶಾವಳಿ ದಾಖಲಿಸುವ ಸ್ಟಡ್‌ಬುಕ್‌ನಲ್ಲಿ ನೋಂದಾಯಿಸಬೇಕು. ತಂದೆ ಟೆಕ್ಸಾಸಿನಲ್ಲಿ ಯಾರದೋ ಶೋಕೇಸಿನಲ್ಲಿರುತ್ತಾನೆ, ತಾಯಿ ಇನ್ನೆಲ್ಲೋ. ಎರಡೂ ಕಡೆಯ ಯಜಮಾನರು ಒಪ್ಪಿ ಚೀಟಿ ಕೊಡದೆ ಸಂಬಂಧ ಕೂಡಿಬರುವುದಿಲ್ಲ. ನಮ್ಮಲ್ಲಿ ಜಾತಕ ಹಿಡಿದು ಓಡಾಡುವವರು ಇವರ ಮುಂದೆ ಏನೂ ಅಲ್ಲ.

ಮೊನ್ನೆ ಶನಿವಾರ ಶಾಲೆಯೊಂದರ ಜಿಮ್‌ನಲ್ಲಿ ಹೀಗೆ ನೋಂದಣಿಗೆ ಬಂದ ಕುದುರೆಗಳ ತಪಾಸಣೆ ಇತ್ತು. ಮೇಜಿನ ಹಿಂದೆ ಒಬ್ಬ ಹಿರಿಯಾಕೆ, ಪಕ್ಕದಲ್ಲಿ ನಾನು. ಕುದುರೆಯನ್ನು ಕಾಲು ಹಿಡಿದು ಎತ್ತುವಂತಿಲ್ಲ, ಕಿವಿಯಂತೂ ಮುಟ್ಟಲೇಬಾರದು; ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಬೇಕು. ಟಾರ್ಚ್ ಓರೆಯಾಗಿ ಬಿಟ್ಟರೆ ಎರಡು ಅಚ್ಚು ಕೂಡಿದ ಗೆರೆ ಎದೆಯ ಮೇಲೋ ತೊಡೆಯ ಹಿಂದೋ ಕಾಣಿಸಿಬಿಡುತ್ತದೆ. ಆಮೇಲೆ ಕಾಲು. ನಡಿಗೆ ಟ್ರಾಟ್, ಅಂದರೆ ಕುಕ್ಕುಲೋಟ, ಎಂದು ಬರೆದಿದ್ದರೆ ಮುಂದಿನ ಎಡಗಾಲೂ ಹಿಂದಿನ ಬಲಗಾಲೂ ಜೋಡಿಯಾಗಿ ಏಳಬೇಕು. ತಳಿ ಫ್ರೀಸಿಯನ್ ಎಂದರೆ ಬಣ್ಣ ಕಪ್ಪೇ ಆಗಬೇಕು. ಹಣೆಯಲ್ಲಿ ಪುಟ್ಟ ಬೊಟ್ಟಿನಷ್ಟು ಬಿಳಿ ಇದ್ದರೆ ನಡೆದೀತು, ಕಾಲಿಗೆ ಬಿಳಿ ಬಂತೋ ವಾಪಸ್.

ನಿಜವಾದ ಜಗಳ ಬಣ್ಣದ್ದು. ಒಬ್ಬರು ತಂದ ಚೆಂದದ, ಕಂದು ಮೈಯ ಬೇ ಮರಿಗೆ ತಂದೆಯೂ ಚೆಸ್ಟ್‌ನಟ್, ತಾಯಿಯೂ ಚೆಸ್ಟ್‌ನಟ್. ಮೈಯೂ ಜೂಲೂ ಕೆಂಗಂದಾದ ಅಂಥ ಜೋಡಿಗೆ ಕಪ್ಪು ಜೂಲು, ಕಪ್ಪು ಕಾಲಿನ ಬೇ ಹುಟ್ಟುವುದು ಸಾಧ್ಯವೇ ಇಲ್ಲ. ಗ್ರೇ, ಅಂದರೆ ಬೂದು ಬಣ್ಣದ ವಿಚಾರವೂ ಹಾಗೇ, ಹೆತ್ತವರಲ್ಲಿ ಒಬ್ಬರಾದರೂ ಗ್ರೇ ಇರಲೇಬೇಕು. "ಪ್ಲಾಸ್ಟಿಕ್ ತಾನೇ, ಹೋಗಲಿ ಬಿಡಿ" ಎಂದರು ಆತ. ಪ್ಲಾಸ್ಟಿಕ್ ಆದ್ದರಿಂದಲೇ ಬಿಡುವಂತಿಲ್ಲ. ಜೀವವಿರುವ ಕುದುರೆಯ ರಕ್ತ ತೆಗೆದು ಡಿಎನ್‌ಎ ನೋಡಬಹುದು, ಇದಕ್ಕೆ ಇರುವುದು ಕಾಗದವೊಂದೇ.

ಮಧ್ಯಾಹ್ನ ಒಬ್ಬಾಕೆ ರಾಜಸ್ಥಾನದ ತಳಿಯಾದ ಮಾರ್ವಾರಿ ಕುದುರೆ ತಂದಿಟ್ಟರು. ಹಿರಿಯಾಕೆ ಅದನ್ನು ನನ್ನ ಕಡೆ ಸರಿಸಿ, "ನೀನು ಇಂಡಿಯಾದವಳು, ನೀನೇ ನೋಡು" ಅಂದರು. ಮೈಸೂರಿನವಳಾದ ನಾನು ಕಂಡದ್ದು ಅರಮನೆ ಮುಂದಿನ ಟಾಂಗಾ ಕುದುರೆ, ಅಶ್ವಾರೋಹಿ ಪೊಲೀಸರ ಕುದುರೆ. ರಾಜಸ್ಥಾನಕ್ಕೆ ಕಾಲಿಟ್ಟವಳೇ ಅಲ್ಲ. ಇಲ್ಲಿನವರಿಗೆ ಅದೆಲ್ಲ ಒಂದೇ ಲೆಕ್ಕ!

ಆದರೂ ನೋಡನೋಡುತ್ತ ಖುಷಿಯಾಯಿತು. ಬೇರೆ ಯಾವುದೋ ಕುದುರೆಯ ಕಿವಿ ಕತ್ತರಿಸಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಹೊಸ ಕಿವಿ ತಿದ್ದಿದ್ದರು. ಒಳಕ್ಕೆ ಬಾಗಿದ ಎರಡು ತುದಿಗಳು ತಾಗಿಯೂ ತಾಗದಂತಿದ್ದವು. ಮಾರ್ವಾರಿಯ ಕಿವಿ 9ರಿಂದ 15 ಸೆಂಟಿಮೀಟರ್ ಉದ್ದ. ಈ ಮಾದರಿ ಒಂಬತ್ತನೇ ಒಂದು ಅಳತೆಯದು, ಸ್ಕೇಲ್ ಇಟ್ಟರೆ ಒಂದೂವರೆ ಸೆಂಟಿಮೀಟರ್, ಸರಿಯಾಗಿತ್ತು. ನಾಲ್ಕೂ ಕಾಲು ಬಿಳಿ, ಮುಖದಲ್ಲಿ ಅಗಲವಾದ ಬಿಳಿ ಪಟ್ಟೆ. ನಮ್ಮಜ್ಜಿ ಕಥೆಯಲ್ಲಿ ಬರುತ್ತಿದ್ದ ಪಂಚಕಲ್ಯಾಣಿ! ರಾಜಸ್ಥಾನದವರಿಗೂ ಅದು ಶುಭವೇ.

ಕಣ್ಣಿನ ಕೆಳಗೆ ಮಾತ್ರ, ಕೂದಲೆಳೆಯಷ್ಟು ಸಣ್ಣ ಕುಂಚದಿಂದ, ಒಂದು ಸುಳಿ ಬರೆದಿದ್ದರು. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ನಮ್ಮ ಕಡೆ ಸುಳಿ ನೋಡದೆ ದುಡ್ಡು ಬಿಚ್ಚುವುದಿಲ್ಲ. ಮಾರ್ವಾರಿ ಸಾಕುವವರೂ ಹಾಗೇ. ಕತ್ತಿನ ಉದ್ದಕ್ಕೂ ಇಳಿದ ಸುಳಿ ಅವರಿಗೆ ಅದೃಷ್ಟ, ಕಣ್ಣಿನ ಕೆಳಗಿನದು ಬೇಡ. ಅದನ್ನು ಹೇಳಿದೆ, ಅಂಕ ಕಡಿಮೆ ಮಾಡಲಿಲ್ಲ. ಕುದುರೆಗೆ ಅಲ್ಲಿ ಸುಳಿ ಇರಬಾರದೆಂದು ಅಂಗರಚನೆಯೇನೂ ಹೇಳುವುದಿಲ್ಲ, ಅಪಶಕುನಕ್ಕೆ ನಮ್ಮ ಫಾರಂನಲ್ಲಿ ಕಲಮೂ ಇಲ್ಲ.

ಸಿಕ್ಕಿಬಿದ್ದದ್ದು ಕಾಗದದಲ್ಲಿ. ತಂದೆ ಜೋಧಪುರದಲ್ಲಿ ಹುಟ್ಟಿ 1985ರಲ್ಲಿ ಅಮೆರಿಕಕ್ಕೆ ಬಂದ ಎಂದು ಬರೆದಿತ್ತು. ಭಾರತದ ದೇಶಿ ಕುದುರೆಗಳನ್ನು ಹೊರಗೆ ಕಳಿಸಲು ದಶಕಗಟ್ಟಲೆ ನಿಷೇಧವಿತ್ತು. 2000ದಿಂದ 2006ರವರೆಗೆ ಮಾತ್ರ ಬೆರಳೆಣಿಕೆಯಷ್ಟು ಬಿಟ್ಟರು. "ಹಾಗಾದರೆ ಅದನ್ನು 2001 ಮಾಡೋಣ" ಎಂದು ಆಕೆ ಅಲ್ಲೇ ಪೆನ್ ತೆಗೆದು ತಿದ್ದಿದರು. ಈಗ ಅಪ್ಪ ಬರುವ ಮೊದಲೇ ಮಗ, ಅಂದರೆ ಈ ಕುದುರೆ, ಅಮೆರಿಕದಲ್ಲಿ ಹುಟ್ಟಿದಂತಾಯಿತು, ಅವನ ವರ್ಷ 1994. ಅದನ್ನೂ ತಿದ್ದಿದರೆ ಅವನ ಹೆಸರಿನಲ್ಲಿ ಈಗಾಗಲೇ ದಾಖಲಾದ ಎರಡು ಮರಿಗಳ ಕಥೆ ಏನು? ಹಿರಿಯಾಕೆ ಕನ್ನಡಕ ತೆಗೆದು ಒರೆಸಿಕೊಂಡರು. ಕುದುರೆ ಪಾಸ್, ಅರ್ಜಿ ವಾಪಸ್ ಎಂದು ಬರೆದು ಸಹಿ ಹಾಕಿದೆವು.