ಎಂಜಿನ್ ಕೋಡ್ ಕೊನೆಗೆ ನೋಡಿ: ಹಳೆ ಮಸಲ್ ಕಾರುಗಳ ಬಿಲ್ಡ್ ಶೀಟ್ ಓದುವ ಕೆಲಸ

ಹಳೆ ಅಮೆರಿಕನ್ ಗಾಡಿಗೆ ಕಾರ್ಖಾನೆಯಲ್ಲಿ ಏನೇನು ಹಾಕಬೇಕು ಅಂತ ಕೋಡಿನಲ್ಲಿ ಬರೆದ ಹಾಳೆ, ಅಂದರೆ ಬಿಲ್ಡ್ ಶೀಟ್, ಸಿಕ್ಕಿತು ಅಂದ ಕೂಡಲೇ ಎಲ್ಲರ ಕಣ್ಣೂ ಹೋಗೋದು ಎಂಜಿನ್ ಕೋಡ್ ಮೇಲೆ. ನಾನು ಅದನ್ನ ಕೊನೆಗೆ ನೋಡ್ತೀನಿ. ಮೊದಲು ಆ ಹಾಳೆ ಯಾವ ಗಾಡಿದು ಅನ್ನೋದು ಗೊತ್ತಾಗಬೇಕು. ಆಮೇಲೆ ರೇಡಿಯೋ, ಕನ್ನಡಿ, ಏಸಿ ಥರದ, ಯಾರೂ ತಲೆ ಕೆಡಿಸಿಕೊಳ್ಳದ ಕೋಡುಗಳು.

ಡೆಟ್ರಾಯ್ಟ್ ಹತ್ತಿರದ ಒಂದು ರಿಸ್ಟೋರೇಶನ್ ಶಾಪಿನಲ್ಲಿ ಗಾಡಿಗಳ ದಾಖಲೆ ಪರಿಶೀಲಿಸೋದು ನನ್ನ ಕೆಲಸ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ, ಇಲ್ಲಿರೋ ಎಷ್ಟೋ ಕನ್ನಡಿಗರ ಹಾಗೆ ಕಾರು ಕಂಪನಿಗೆ ಬಿಡಿಭಾಗ ಕೊಡೋ ಕಡೆ ಕೂತು ಡ್ರಾಯಿಂಗ್ ಮಾಡ್ತಿದ್ದವನು ಈ ಕಡೆ ಹೊರಳಿದೆ. ಮನೆಯವರಿಗೆ ಇವತ್ತಿಗೂ ಇದೊಂದು ಕೆಲಸ ಅಂತ ನಂಬಿಕೆ ಬಂದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಮಧ್ಯಮ ಗಾತ್ರದ ಬಾಡಿಗೆ ದೊಡ್ಡ ಎಂಜಿನ್ ಕೂರಿಸಿ ಮಾರೋ ಹುಚ್ಚು 1964ರ ಪಾಂಟಿಯಾಕ್ ಜಿಟಿಓ ಕಾಲಕ್ಕೆ ಜೋರಾಗಿ, ಎಪ್ಪತ್ತರ ದಶಕದ ಆರಂಭದಲ್ಲಿ ಇಳಿಯಿತು. ಆ ಕಾಲದ ಗಾಡಿಗಳೇ ಮಸಲ್ ಕಾರುಗಳು. 1970ರ ಪ್ಲಿಮತ್ ಕುಡಾ ತಗೊಳ್ಳಿ. ಬಾಡಿ ಒಂದೇ. ಬಾನೆಟ್ ಕೆಳಗೆ 340 (ಇದು ಎಂಜಿನ್ ಗಾತ್ರ, ಘನ ಇಂಚಿನಲ್ಲಿ) ಇರಬಹುದು, 383 ಇರಬಹುದು, 440 ಇರಬಹುದು, ಇಲ್ಲಾ 426 ಹೆಮಿ, ಅಂದರೆ ಅರ್ಧಗೋಲದ ದಹನ ಕೋಣೆಯ ಎಂಜಿನ್. ಆ ವರ್ಷ ಹೆಮಿ ಹಾಕಿದ ಹಾರ್ಡ್‌ಟಾಪ್ (ಗಟ್ಟಿ ಟಾಪಿನ) ಕುಡಾ ಆಗಿದ್ದು 652, ಕನ್ವರ್ಟಿಬಲ್ (ಮಡಚೋ ಟಾಪಿನದು) ಬರೀ 14. ಇವತ್ತು ಯಾವ ಎಂಜಿನ್ನನ್ನ ಯಾವ ಬಾಡಿಗೆ ಬೇಕಾದರೂ ಕೂರಿಸಬಹುದು, ಬಣ್ಣ ಹೊಡೀಬಹುದು. ಅದಕ್ಕೇ ಬೆಲೆ ನಿಂತಿರೋದು ಈಗ ಏನಿದೆ ಅನ್ನೋದರ ಮೇಲಲ್ಲ, ಕಾರ್ಖಾನೆಯಿಂದ ಏನಾಗಿ ಹೊರಬಂತು ಅನ್ನೋದರ ಮೇಲೆ.

ಇದನ್ನ ತಿಳಿಯೋ ದಾರಿ ಕಂಪನಿಗೊಂದು ಥರ. 1967ರಿಂದೀಚಿನ ಫೋರ್ಡ್ ಆದರೆ ಗೋಳಿಲ್ಲ. ಕಂಪನಿಯ ಉತ್ಪಾದನಾ ದಾಖಲೆ ಕೆವಿನ್ ಮಾರ್ಟಿ ಅವರ ಹತ್ತಿರ ಇದೆ, ದುಡ್ಡು ಕಟ್ಟಿದರೆ ಮಾರ್ಟಿ ರಿಪೋರ್ಟ್ ಬರುತ್ತೆ. ಪಾಂಟಿಯಾಕ್‌ಗೂ ಕಾರ್ಖಾನೆ ಇನ್‌ವಾಯ್ಸ್ ತೆಗೆಸಬಹುದು. ಷೆವ್ರೊಲೆಗೆ ಆ ಭಾಗ್ಯ ಇರೋದು ಕೆನಡಾದಲ್ಲಿ ತಯಾರಾದ ಅಥವಾ ಅಲ್ಲಿ ಮಾರಾಟವಾದ ಗಾಡಿಗಳಿಗೆ ಮಾತ್ರ. ಕ್ರೈಸ್ಲರ್‌ನವರ ಡಾಡ್ಜ್, ಪ್ಲಿಮತ್‌ಗಳಲ್ಲಿ 1967ರ ತನಕದ ದಾಖಲೆ ಕಂಪನಿಯ ಹತ್ತಿರ ಉಂಟು. 1968ರಿಂದೀಚಿನದ್ದು, ಅಂದರೆ ಜನ ಮುಗಿಬೀಳೋ ವರ್ಷಗಳದ್ದೇ, ಇಲ್ಲ. ಹಾಗಾಗಿ ಈ ಗಾಡಿಗಳಿಗೆ ಬಾನೆಟ್ ಕೆಳಗಿನ ಫೆಂಡರ್ ಟ್ಯಾಗ್ ಅನ್ನೋ ತಗಡು, ಮತ್ತೆ ಎಲ್ಲೋ ಒಳಗೆ ಅಡಗಿರೋ ಒಂದು ಹಾಳೆ, ಇವೆರಡೇ ಗತಿ.

ಆ ಹಾಳೆಯೇ ಬಿಲ್ಡ್ ಶೀಟ್, ಇಲ್ಲಿಯವರು ಬ್ರಾಡ್‌ಕಾಸ್ಟ್ ಶೀಟ್ ಅಂತಲೂ ಅಂತಾರೆ. ಅದು ಗಿರಾಕಿಗೆ ಕೊಡೋಕೆ ಮಾಡಿದ್ದಲ್ಲ. ಒಂದು ಗಾಡಿಯ ಆರ್ಡರ್ ಸಾಲಿಗೆ ಬಂದಾಗ ಅಸೆಂಬ್ಲಿಯ ಬೇರೆಬೇರೆ ಜಾಗಗಳಲ್ಲಿ ಟೆಲಿಟೈಪ್ (ತಂತಿಯಲ್ಲಿ ಬಂದ ಸಂದೇಶ ಅಚ್ಚು ಹಾಕೋ ಯಂತ್ರ) ಮೇಲೆ ಅದರ ಪ್ರತಿ ಅಚ್ಚಾಗಿ ಬರ್ತಿತ್ತು: ಸೀಟು ಕಟ್ಟೋವನಿಗೆ ಯಾವ ಸೀಟು, ಎಂಜಿನ್ ಜೋಡಿಸೋವನಿಗೆ ಯಾವ ಕಾರ್ಬ್ಯುರೇಟರ್ ಅಂತ ತಿಳಿಸೋಕೆ. ಕೆಲಸ ಆದಮೇಲೆ ಹಾಳೆ ಕಸ. ಸೀಟಿನ ಸ್ಪ್ರಿಂಗಿಗೆ ಸಿಕ್ಕಿಸಿದ್ದು ಹಾಗೇ ಉಳೀತು, ಕಾರ್ಪೆಟ್ ಕೆಳಗೆ ಬಿದ್ದಿದ್ದು ಅಲ್ಲೇ ಹೂತುಹೋಯಿತು. ಕುಡಾ ತಯಾರಾಗ್ತಿದ್ದ ಹ್ಯಾಮ್‌ಟ್ರಾಮಿಕ್‌ನ ಡಾಡ್ಜ್ ಮೇನ್ ಕಾರ್ಖಾನೆ 1980ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಅಲ್ಲಿ ಕಸ ಅಂತ ಬಿಟ್ಟಿದ್ದು ಇಲ್ಲಿ ಲಾಕರ್‌ನಲ್ಲಿದೆ.

ಕಸವಾಗಿದ್ದರಿಂದಲೇ ಒಂದು ತೊಂದರೆ. ನಿಮ್ಮ ಗಾಡಿಯ ಸೀಟಿನಲ್ಲಿ ಸಿಕ್ಕಿದ ಹಾಳೆ ನಿಮ್ಮ ಗಾಡಿದೇ ಆಗಿರಬೇಕು ಅಂತೇನಿಲ್ಲ. ಪಕ್ಕದ ಗಾಡಿದು ಇದಕ್ಕೆ ಸೇರಿಕೊಂಡಿದ್ದು ಸಾಕಷ್ಟು ನೋಡಿದ್ದೀನಿ. ಅದರಲ್ಲಿ ಮೋಸವೇನೂ ಇಲ್ಲ, ಶಿಫ್ಟ್ ಮುಗಿಯೋ ಹೊತ್ತಿನ ಅವಸರ ಅಷ್ಟೇ. ಸರ್ವೆ ನಂಬರ್ ನೋಡದೆ ಪಹಣಿಯಲ್ಲಿ ಎಷ್ಟು ಎಕರೆ ಅಂತ ಓದೋರು ಹೇಗೋ, ಗಾಡಿ ನಂಬರ್ (ನಂಬರ್ ಪ್ಲೇಟಿನದ್ದಲ್ಲ, ಕಾರ್ಖಾನೆ ಕೊಟ್ಟ ವಿಐಎನ್) ಹೊಂದಿಸದೆ ಕೋಡ್ ಓದೋರೂ ಹಾಗೆ.

ನಂಬರ್ ಹೊಂದಿಸೋದು ಹೇಗೆ? ವಿಂಡ್‌ಶೀಲ್ಡ್ ಮೂಲಕ ಡ್ಯಾಶ್ ಮೇಲೆ ಕಾಣೋ ಗಾಡಿ ನಂಬರ್ ಓದಿ. ‘ಬಿಎಸ್23ಆರ್0ಬಿ’, ಆಮೇಲೆ ಆರು ಅಂಕಿ ಅಂತ ಇದೆ ಅನ್ಕೊಳ್ಳಿ. ಬಿ ಅಂದರೆ ಬ್ಯಾರಕುಡಾ, ಎಸ್ ಅಂದರೆ ಅದರಲ್ಲಿ ಕುಡಾ ದರ್ಜೆ, 23 ಎರಡು ಬಾಗಿಲಿನ ಹಾರ್ಡ್‌ಟಾಪ್, ಆರ್ ಹೆಮಿ, ಸೊನ್ನೆ 1970, ಕೊನೆಯ ಬಿ ಹ್ಯಾಮ್‌ಟ್ರಾಮಿಕ್. ಆರ್ ಜಾಗದಲ್ಲಿ ಎಚ್ ಇದ್ದರೆ 340, ವಿ ಇದ್ದರೆ ಮೂರು ಕಾರ್ಬ್ಯುರೇಟರಿನ 440. ಕ್ರೈಸ್ಲರ್‌ನವರು ಎಂಜಿನ್ನನ್ನ ಗಾಡಿ ನಂಬರಿನಲ್ಲೇ ಬರೆದು ಪುಣ್ಯ ಕಟ್ಟಿಕೊಂಡರು. ಅದೇ ವರ್ಷದ ಷೆವ್ರೊಲೆಯವರ ಷೆವೆಲ್ ಎಸ್‌ಎಸ್‌ನಲ್ಲಿ ಆ ಎಸ್‌ಎಸ್ ಅನ್ನೋದೇ ನಂಬರಿನಲ್ಲಿ ಇಲ್ಲ.

ಫೆಂಡರ್ ಟ್ಯಾಗನ್ನ ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಹೊಸಬರು ಮೇಲಿಂದ ಶುರು ಮಾಡಿ ಗೊಂದಲಕ್ಕೆ ಬೀಳ್ತಾರೆ. ತಳದ ಸಾಲಲ್ಲಿ ಎಂಜಿನ್, ಗೇರ್‌ಬಾಕ್ಸ್, ಗಾಡಿ ನಂಬರ್: ಇ74 ಅಂದರೆ ಹೆಮಿ, ಡಿ21 ಅಂದರೆ ಫೋರ್ ಸ್ಪೀಡ್, ಕೈಯಿಂದ ಹಾಕೋ ನಾಲ್ಕು ಗೇರಿನದು. ಅದರ ಮೇಲಿನ ಸಾಲಲ್ಲಿ ಬಣ್ಣ, ಸೀಟಿನ ಕೋಡ್, ತಾರೀಕು, ಆರ್ಡರ್ ನಂಬರ್. ತಾರೀಕು ‘ಸಿ05’ ಅಂತಿದ್ದರೆ ಡಿಸೆಂಬರ್ 5. ಒಂದರಿಂದ ಒಂಬತ್ತು ತಿಂಗಳಿಗೆ ಅಂಕಿ. ಅಕ್ಟೋಬರ್ ಎ, ನವೆಂಬರ್ ಬಿ, ಡಿಸೆಂಬರ್ ಸಿ. ಮತ್ತೆ 1970ರ ಮಾಡೆಲ್ ಆದ್ದರಿಂದ ಈ ಡಿಸೆಂಬರ್ 1969ರದ್ದು. ಇದು ಗಾಡಿ ಹೊರಬಂದ ದಿನವೂ ಅಲ್ಲ, ಕಟ್ಟಬೇಕು ಅಂತ ಗೊತ್ತುಮಾಡಿದ ದಿನ. ಒಂದಿಷ್ಟು ಹಿಂದೆಮುಂದೆ ಆಗ್ತಿತ್ತು. ಆದರೆ ಎಂಜಿನ್ ಬ್ಲಾಕಿನ ಮೇಲಿನ ಎರಕದ ತಾರೀಕು 1970ರ ಫೆಬ್ರವರಿ ಅಂತಿದ್ದರೆ, ಡಿಸೆಂಬರಿನ ಗಾಡಿಗೆ ಅದು ಕಾರ್ಖಾನೆಯಲ್ಲೇ ಕೂರಿಸಿದ ಎಂಜಿನ್ ಆಗೋಕೆ ಸಾಧ್ಯವಿಲ್ಲ. ಇಷ್ಟು ಸಣ್ಣ ಲೆಕ್ಕದಲ್ಲೇ ಎಷ್ಟೋ ವ್ಯಾಪಾರ ಮುರಿದುಬೀಳುತ್ತೆ.

ಈಗ ಯಾರಿಗೂ ಬೇಡದ ಕೋಡುಗಳ ವಿಚಾರ. ಡೂಪ್ಲಿಕೇಟ್ ಟ್ಯಾಗ್, ಡೂಪ್ಲಿಕೇಟ್ ಶೀಟ್ ಮಾಡೋದು ಇಲ್ಲಿ ದೊಡ್ಡ ವಿದ್ಯೆಯೇನಲ್ಲ. ಮಾಡೋವನು ಎಂಜಿನ್ ಬದಲಾಯಿಸ್ತಾನೆ, ಬಣ್ಣ ಬದಲಾಯಿಸ್ತಾನೆ, ಆಟೊಮ್ಯಾಟಿಕ್ ಇದ್ದಿದ್ದನ್ನ ಫೋರ್ ಸ್ಪೀಡ್ ಮಾಡ್ತಾನೆ. ದುಡ್ಡಿರೋದು ಅಲ್ಲಿ. ಮಿಕ್ಕಿದ್ದನ್ನ ಮೂಲದಲ್ಲಿ ಹೇಗಿತ್ತೋ ಹಾಗೇ ಬಿಡ್ತಾನೆ, ಸಿಕ್ಕಿಬೀಳೋದೂ ಅಲ್ಲೇ. ಎಚ್51 ಅಂದರೆ ಏಸಿ. ಹೆಮಿ ಜೊತೆ ಕಾರ್ಖಾನೆಯವರು ಏಸಿ ಕೊಡ್ತಾನೇ ಇರಲಿಲ್ಲ. ಇ74 ಮತ್ತು ಎಚ್51 ಒಂದೇ ಹಾಳೆಯಲ್ಲಿ ಕೂತಿದ್ದರೆ ಎರಡರಲ್ಲೊಂದು ಸುಳ್ಳು, ಮತ್ತೆ ಏಸಿಯನ್ನ ಸುಳ್ಳು ಬರೆಯೋಕೆ ಯಾರಿಗೂ ಕಾರಣ ಇಲ್ಲ. ಏಸಿ, ಪವರ್ ಬ್ರೇಕ್, ಎಡಗಡೆ ಕನ್ನಡಿ, ಸಾದಾ ರೇಡಿಯೋ: ಈ ಸಾಲುಗಳ ಮೇಲೆ ನಾನು ಒಂದು ಬೆಳಗಿನ ಹೊತ್ತು ಪೂರ್ತಿ ಕೂತರೆ ಶಾಪಿನ ಹುಡುಗರು ನಗ್ತಾರೆ. ನಗಲಿ.

ಡೆಟ್ರಾಯ್ಟ್ ಹತ್ತಿರದ ಟ್ರಾಯ್ ಊರಿನ ಕಡೆ ಇರೋ ನಮ್ಮ ಮೈಸೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಕುಡಾ ತಗೋಬೇಕು ಅಂತ ಫೋನ್ ಮಾಡಿದ್ದ. 340, ಫೋರ್ ಸ್ಪೀಡ್, ಎಫ್‌ಸಿ7 ಅನ್ನೋ ಆ ನೇರಳೆ ಬಣ್ಣ.

“ಸರ್, ಶೀಟ್ ಇದೆ. ಸೀಟಿನ ಒಳಗೇ ಸಿಕ್ಕಿದ್ದಂತೆ. ನಂಬರೂ ಮ್ಯಾಚ್ ಆಗ್ತಿದೆ.”

“340 ಅನ್ನೋದು ಗಾಡಿ ನಂಬರಿನಲ್ಲೇ ಇದೆಯಲ್ಲ, ಅದರ ಬಗ್ಗೆ ತಕರಾರಿಲ್ಲ. ಗೇರ್‌ಬಾಕ್ಸು, ಬಣ್ಣ ಎರಡೂ ನಂಬರಿನಲ್ಲಿ ಇರಲ್ಲ ನೋಡಿ. ಅವೆರಡಕ್ಕೆ ಮಾತ್ರ ನೀವು ಕಾಗದ ನಂಬ್ತಾ ಇದ್ದೀರ.”

“ಮತ್ತೇನು ನೋಡ್ಲಿ ಸರ್?”

ಕಾರ್ಪೆಟ್ ಎತ್ತಿ ನೆಲದ ಫೋಟೋ, ಗ್ಲೋವ್ ಬಾಕ್ಸ್ ಬಿಚ್ಚಿ ಅದರ ಹಿಂದಿನ ತಗಡಿನ ಫೋಟೋ, ಗೇರ್‌ಬಾಕ್ಸ್ ಮೇಲೆ ಒತ್ತಿರೋ ನಂಬರಿನ ಫೋಟೋ ಕೇಳಿದೆ. 1968ರಿಂದ ಕ್ರೈಸ್ಲರ್‌ನವರು ಗಾಡಿ ನಂಬರಿನ ಒಂದು ಭಾಗವನ್ನ ಎಂಜಿನ್ ಮೇಲೂ ಗೇರ್‌ಬಾಕ್ಸ್ ಮೇಲೂ ಒತ್ತುತ್ತಿದ್ದರು. ಇನ್ನು ನೆಲದ ವಿಷಯ: ಈ ಬಾಡಿಯಲ್ಲಿ ಫೋರ್ ಸ್ಪೀಡ್ ಗಾಡಿಗೆ ಗೇರ್ ಕಡ್ಡಿ ಇರೋ ಜಾಗದಲ್ಲಿ ನೆಲ ಕೊಯ್ದು ಒಂದು ಉಬ್ಬು ತಗಡು ಕೂರಿಸ್ತಿದ್ದರು, ಕಾರ್ಖಾನೆಯದೇ ಸ್ಪಾಟ್ ವೆಲ್ಡಿಂಗ್. ಫೋಟೋದಲ್ಲಿ ಉಬ್ಬೇನೋ ಇತ್ತು. ಸುತ್ತ ಈಗಿನ ವೆಲ್ಡಿಂಗಿನ ಗೆರೆ, ಅದನ್ನ ಗ್ರೈಂಡರ್‌ನಿಂದ ಉಜ್ಜಿದ ಗುರುತು. ಗ್ಲೋವ್ ಬಾಕ್ಸ್ ಹಿಂದೆ ಕಡುಹಸಿರು. ನೇರಳೆಯ ಒಂದು ಹನಿಯೂ ಅಲ್ಲಿಗೆ ಹೋಗಿಲ್ಲ. ಗೇರ್‌ಬಾಕ್ಸಿನ ನಂಬರ್ ಬೇರೆ ಯಾವುದೋ ಗಾಡಿದು. ಹೊರಗೆ ಎಷ್ಟು ಚೆನ್ನಾಗಿ ಟಿಂಕರಿಂಗ್, ಪೇಂಟಿಂಗ್ ಮಾಡಿದರೂ ಡ್ಯಾಶ್ ಹಿಂದಕ್ಕೆ ಗನ್ ಹಿಡಿಯೋ ತಾಳ್ಮೆ ಯಾರಿಗಿರುತ್ತೆ?

“ಹಾಗಾದ್ರೆ ಗಾಡಿ ಬೇಡ್ವಾ ಸರ್?”

“ಗಾಡಿ ಚೆನ್ನಾಗಿದೆ. ಹೇಳ್ತಿರೋ ರೇಟು ಮಾತ್ರ ಈ ಗಾಡಿದಲ್ಲ.”

ಹಸಿರು ಬಣ್ಣದ ಆಟೊಮ್ಯಾಟಿಕ್ ಗಾಡಿಗೆ ಎಷ್ಟೋ ಅಷ್ಟಕ್ಕೆ ಕೇಳಿ ಅಂದೆ. ಮಾರೋವನು ಮೊದಲು ಸಿಟ್ಟಾದ, ಆಮೇಲೆ ಒಪ್ಪಿದ. ಅವನೂ ಈ ಹಾಳೆ ನಂಬಿ ದುಡ್ಡು ಸುರಿದವನೇ ಅಂತ ಕಾಣುತ್ತೆ. ಇಂಥ ಕಾಗದ ಮೂರ್ನಾಲ್ಕು ಕೈ ದಾಟೋ ಹೊತ್ತಿಗೆ ಮೊದಲು ಸುಳ್ಳು ಹೇಳಿದ್ದು ಯಾರು ಅನ್ನೋದೇ ಸಿಗಲ್ಲ.

ಆ ಹಾಳೆ ನನ್ನ ಕೈಗೆ ಬಂದಾಗ ಇನ್ನೊಂದು ವಿಷಯ ಕಂಡಿತು. ಐವತ್ತು ವರ್ಷ ಸ್ಪ್ರಿಂಗಿಗೆ ಒತ್ತಿಕೊಂಡಿದ್ದ ಕಾಗದದ ಮೇಲೆ ತುಕ್ಕಿನ ಗೆರೆ ಬೀಳುತ್ತೆ. ಆ ಗೆರೆಗಳ ಅಂತರವೂ ಸ್ಪ್ರಿಂಗುಗಳ ಅಂತರವೂ ಒಂದೇ ಇರಬೇಕು, ಮಡಿಸಿದ ಕಡೆ ಗೆರೆ ಮುರಿದು ಮುಂದಿನ ಮಡಿಕೆಯಲ್ಲಿ ಮುಂದುವರೀಬೇಕು. ಇದರಲ್ಲಿ ಕಲೆ ಹಾಳೆ ತುಂಬಾ ಸಮನಾಗಿ ಹರಡಿತ್ತು, ಚಹಾದಲ್ಲಿ ಅದ್ದಿ ತೆಗೆದ ಹಾಗೆ. ಬಹುಶಃ ಅದ್ದಿದ್ದೇ ಇರಬೇಕು.

ನಿಮ್ಮ ಹತ್ತಿರ ಇಂಥ ಗಾಡಿ ಇದ್ದು ಇನ್ನೂ ಸೀಟು ಬಿಚ್ಚಿಲ್ಲ ಅಂದರೆ ಒಂದು ಕೋರಿಕೆ. ಹಿಂದಿನ ಸೀಟು, ಮುಂದಿನ ಸೀಟಿನ ಸ್ಪ್ರಿಂಗು, ಕಾರ್ಪೆಟ್ ಕೆಳಗೆ, ಗ್ಲೋವ್ ಬಾಕ್ಸ್ ಮೇಲುಗಡೆ ನೋಡಿ. ಷೆವ್ರೊಲೆ ಆದರೆ ಪೆಟ್ರೋಲ್ ಟ್ಯಾಂಕಿನ ಮೇಲೂ ನೋಡಿ. ಹಾಳೆ ಕಂಡರೆ ಎಳೀಬೇಡಿ. ಮೊದಲು ಅದಿರೋ ಜಾಗದಲ್ಲೇ ಫೋಟೋ ತೆಗೀರಿ, ಸ್ಪ್ರಿಂಗೂ ಕಾಣೋ ಹಾಗೆ. ಇಲಿ ಗೂಡು ಕಟ್ಟಿದ್ದರೆ ಗೂಡನ್ನೂ ವ್ಯಾಕ್ಯೂಮ್ ಹಾಕಿ ಎಳೆಯೋದು ಬೇಡ, ಚೂರುಗಳಲ್ಲೇ ಆರ್ಡರ್ ನಂಬರ್ ಸಿಕ್ಕಿದ್ದುಂಟು. ಗರಿಗರಿ ಆಗಿದ್ದರೆ ಬಿಡಿಸೋಕೆ ಹೋಗದೆ, ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಪಕ್ಕ, ಬಟ್ಟೆಗೆ ತಾಗದ ಹಾಗೆ, ಮೆತ್ತಗಾಗೋ ತನಕ ಇಡಿ. ಹಾಳೆಯ ನಂಬರ್ ನಿಮ್ಮ ಗಾಡಿಗೆ ಹೊಂದದಿದ್ದರೂ ಎಸೀಬೇಡಿ. ನಮ್ಮ ಶಾಪಿನಲ್ಲಿ ಅಂಥವು ಒಂದು ಫೈಲ್ ತುಂಬಾ ಇವೆ, ಆ ನಂಬರಿನ ಗಾಡಿ ಎಲ್ಲಿದೆ ಅಂತ ಬಿಡುವಾದಾಗ ಹುಡುಕ್ತಾ ಇರ್ತೀವಿ.