ಬೆಳ್ಳಕ್ಕಿ ಎಂದರೆ ಯಾವ ಬೆಳ್ಳಕ್ಕಿ?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ಹಕ್ಕಿ ಗುರುತಿಸುವಾಗ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಬಿಳಿಯ ಹಕ್ಕಿಗಳಿಗೆ ಸಂಬಂಧಿಸಿದವು. ಈ ಹವ್ಯಾಸ ಹತ್ತಿದ ಮೊದಲ ವರ್ಷದ ಟಿಪ್ಪಣಿ ಪುಸ್ತಕದಲ್ಲಿ ‘ಬೆಳ್ಳಕ್ಕಿ – 14’, ‘ಬೆಳ್ಳಕ್ಕಿ – 30ಕ್ಕೂ ಹೆಚ್ಚು’ ಎಂಬಂಥ ನಮೂದುಗಳು ಪುಟಪುಟಕ್ಕೂ ಇವೆ. ಇಂದು ಅವುಗಳಿಂದ ಏನೂ ತಿಳಿಯುವಂತಿಲ್ಲ, ಏಕೆಂದರೆ ನಮ್ಮ ಕೆರೆ, ಗದ್ದೆಗಳಲ್ಲಿ ಆ ಒಂದೇ ಹೆಸರಿಗೆ ಓಗೊಡುವ ಹಕ್ಕಿಗಳು ನಾಲ್ಕಿವೆ: ಗೋವಕ್ಕಿ, ಚಿಕ್ಕ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ ಮತ್ತು ದೊಡ್ಡ ಬೆಳ್ಳಕ್ಕಿ. ಚಿಕ್ಕಂದಿನಲ್ಲಿ ಸಾಲಾಗಿ ಹಾರಿಹೋಗುವ ಬಿಳಿ ಹಕ್ಕಿಗಳನ್ನು ಕಂಡು, ಉಗುರಿನ ಮೇಲೆ ಬಿಳಿ ಚುಕ್ಕಿ ಇಟ್ಟುಹೋಗಿರೆಂದು ಕೂಗಿ ಕೇಳುತ್ತಿದ್ದ ನಮಗೆ ಅವುಗಳ ಜಾತಿಯನ್ನು ವಿಚಾರಿಸುವ ಅಗತ್ಯ ಬಿದ್ದಿರಲಿಲ್ಲ.

ನಾಲ್ಕರಲ್ಲಿ ಗೋವಕ್ಕಿಯೇ ಎಲ್ಲಕ್ಕಿಂತ ಸುಲಭ. ಸುಮಾರು ಅರ್ಧ ಮೀಟರ್ ಉದ್ದದ, ಗಿಡ್ಡ ಕತ್ತಿನ, ತುಸು ದಪ್ಪನೆಯ ಈ ಹಕ್ಕಿಯ ಹಳದಿ ಕೊಕ್ಕಿನ ಬುಡದಲ್ಲಿ ಕೆಳಗಿನ ಪುಕ್ಕ ಮುಂದಕ್ಕೆ ಚಾಚಿಕೊಂಡಿರುವುದರಿಂದ ಗದ್ದ ಊದಿಕೊಂಡಂತೆ ಕಾಣುತ್ತದೆ. ಮುಂಗಾರಿನ ಹೊತ್ತಿಗೆ ತಲೆ, ಕತ್ತು ಮತ್ತು ಬೆನ್ನಿನ ಮೇಲೆ ಕಿತ್ತಳೆಯ ಬಣ್ಣವೇರಿದಾಗಲಂತೂ ಯಾರಿಗೂ ಅನುಮಾನ ಉಳಿಯುವುದಿಲ್ಲ. ಮದ್ದೂರಿನ ಕಡೆ ಬೇಸಾಯ ಮಾಡುವ ನನ್ನ ಸೋದರಮಾವನಿಗೆ ನಾನು ಒಮ್ಮೆ ಈ ಕೊಕ್ಕು, ಗದ್ದಗಳ ಪಾಠ ಹೇಳಹೊರಟಾಗ ಅವರು ಬೀಡಿ ಆರಿಸಿ, “ಅದೆಲ್ಲಾ ಯಾಕಪ್ಪ, ಉಳೋವಾಗ ಹಿಂದೆ ಬರೋ ಹಕ್ಕಿ ನೀರಿಗೆ ಇಳಿಯಾಕಿಲ್ಲ, ನೀರಲ್ಲಿ ನಿಂತಿರೋ ಹಕ್ಕಿ ಉಳೋ ಕಡೆ ಬರಾಕಿಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಪೂರ್ತಿ ಕರಾರುವಾಕ್ಕಾದ ಮಾತಲ್ಲವಾದರೂ ಬಹುಪಾಲು ನಿಜ. ಗೋವಕ್ಕಿಗೆ ದನಗಳ ಗೊರಸಿನಿಂದಲೋ ಟ್ರ್ಯಾಕ್ಟರಿನ ಚಕ್ರದಿಂದಲೋ ಎದ್ದ ಮಿಡತೆ, ಹುಳುಗಳೇ ಮುಖ್ಯ ಆಹಾರ. ಉಳಿದ ಮೂರಕ್ಕೆ ಮೀನು, ಕಪ್ಪೆ, ನೀರಿನ ಹುಳುಗಳು.

ಚಿಕ್ಕ ಬೆಳ್ಳಕ್ಕಿಯ ಗುರುತು ಪಾದದಲ್ಲಿದೆ. ಕೊಕ್ಕು ಕಪ್ಪು, ಕಾಲು ಕಪ್ಪು, ಆದರೆ ಬೆರಳುಗಳು ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿ. ಆಳವಿಲ್ಲದ ನೀರಿನಲ್ಲಿ ಒಂದು ಪಾದವನ್ನು ಮುಂದಿಟ್ಟು ಸಣ್ಣಗೆ ನಡುಗಿಸುತ್ತಾ ಕೆಸರನ್ನು ಕಲಕಿ, ಗಾಬರಿಯಿಂದ ಹೊರಬಂದ ಮರಿಮೀನನ್ನು ಅದು ಕುಕ್ಕುವ ರೀತಿಯನ್ನು ಕಣ್ಣಾರೆ ನೋಡಬೇಕು. ಬಕಧ್ಯಾನ ಎಂಬ ನಮ್ಮ ಮಾತು ಈ ಚಡಪಡಿಕೆಯ ಹಕ್ಕಿಗೆ ಅಷ್ಟಾಗಿ ಒಪ್ಪುವುದಿಲ್ಲ. ತೊಡಕೆಂದರೆ, ನೀರಿನಲ್ಲಿ ನಿಂತ ಹಕ್ಕಿಯ ಪಾದ ಕಾಣಿಸುವುದಿಲ್ಲ. ಅದು ಹೆಜ್ಜೆ ಎತ್ತುವವರೆಗೆ, ಇಲ್ಲವೇ ಹಾರುವವರೆಗೆ ಕಾಯಬೇಕು.

ನಾನು ಎಡವಿದ್ದು ಇಲ್ಲಿಯೇ. ಕಪ್ಪು ಕೊಕ್ಕಿದ್ದರೆ ಚಿಕ್ಕದು, ಹಳದಿ ಕೊಕ್ಕಿದ್ದರೆ ಮಧ್ಯಮ ಅಥವಾ ದೊಡ್ಡದು ಎಂದು ಬಹಳ ದಿನ ನಂಬಿದ್ದೆ. ಒಂದು ಬೆಳಗ್ಗೆ ಜೊಂಡಿನ ಮರೆಯಲ್ಲಿ ನಿಂತಿದ್ದ ಕಪ್ಪು ಕೊಕ್ಕಿನ ಹಕ್ಕಿಯನ್ನು ಚಿಕ್ಕ ಬೆಳ್ಳಕ್ಕಿಯೆಂದು ಬರೆದುಕೊಂಡು ಮುಂದೆ ಹೋದೆ. ಜೊತೆಗಿದ್ದ ಗೆಳೆಯ ಮನೆಗೆ ಹೋಗಿ ತಾನು ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಬೆರಳುಗಳೂ ಕಪ್ಪಾಗಿದ್ದವು, ಎದೆಯಿಂದ ನೂಲಿನಂಥ ಗರಿಗಳು ಇಳಿಬಿದ್ದಿದ್ದವು. ಅದು ಮಧ್ಯಮ ಬೆಳ್ಳಕ್ಕಿ. ಮರಿ ಮಾಡುವ ಕಾಲದಲ್ಲಿ ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಗಳೆರಡರ ಹಳದಿ ಕೊಕ್ಕೂ ಕಪ್ಪಾಗುತ್ತದೆಂಬ ಸಂಗತಿ ನನಗೆ ತಿಳಿದದ್ದು ಅಂದು.

ಆ ಕಾಲದಲ್ಲಿ ಕೊಕ್ಕಿಗಿಂತ ಗರಿಗಳನ್ನು ನಂಬುವುದು ಲೇಸು. ಚಿಕ್ಕ ಬೆಳ್ಳಕ್ಕಿಯ ನೆತ್ತಿಯ ಹಿಂದಿನಿಂದ ಎರಡು ಉದ್ದನೆಯ ಗರಿಗಳು ಜುಟ್ಟಿನಂತೆ ಇಳಿಯುತ್ತವೆ; ಮಧ್ಯಮಕ್ಕೆ ಎದೆಯಲ್ಲೂ ಬೆನ್ನಲ್ಲೂ ಇರುತ್ತವೆ, ಜುಟ್ಟು ಇರುವುದಿಲ್ಲ; ದೊಡ್ಡದಕ್ಕೆ ಬೆನ್ನಿನ ಮೇಲೆ ಮಾತ್ರ. ಈ ಗರಿಗಳೇ ಒಂದು ಕಾಲಕ್ಕೆ ಇವುಗಳ ಜೀವಕ್ಕೆ ಎರವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪು ಮತ್ತು ಅಮೆರಿಕದ ಹೆಂಗಸರ ಟೋಪಿಗಳ ಅಲಂಕಾರಕ್ಕೆಂದು ಗೂಡಿನಲ್ಲಿದ್ದ ಹಕ್ಕಿಗಳನ್ನೇ ಕೊಂದು ಗರಿ ಕೀಳುತ್ತಿದ್ದರು. ಭಾರತದಿಂದ ಹಕ್ಕಿಗಳ ಗರಿ ಮತ್ತು ಚರ್ಮಗಳ ರಫ್ತನ್ನು 1902ರಲ್ಲಿ ಬ್ರಿಟಿಷ್ ಸರ್ಕಾರ ನಿಷೇಧಿಸಿತು.

ಗರಿಗಳು ಉದುರಿ, ಕೊಕ್ಕು ಮತ್ತೆ ಹಳದಿಯಾದ ಮೇಲೆ ಮಧ್ಯಮವನ್ನೂ ದೊಡ್ಡದನ್ನೂ ಬೇರ್ಪಡಿಸುವುದು ಹೇಗೆ? ಎರಡೂ ಅಕ್ಕಪಕ್ಕದಲ್ಲಿ ನಿಂತಿದ್ದರೆ ಗಾತ್ರವೇ ಸಾಕು, ದೊಡ್ಡದು ಒಂದು ಮೀಟರಿನ ಹತ್ತಿರ ಬರುತ್ತದೆ. ಒಂಟಿಯಾಗಿದ್ದಾಗ ಬಾಯಿಯ ಸೀಳನ್ನು ನೋಡಬೇಕು. ಕೊಕ್ಕಿನ ಬುಡದಿಂದ ಹೊರಡುವ ಆ ಕಪ್ಪು ಗೆರೆ ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೆ ನಿಂತುಬಿಡುತ್ತದೆ; ದೊಡ್ಡದರಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಜೊತೆಗೆ ದೊಡ್ಡದರ ಕತ್ತು ನಡುವೆ ಮುರಿದು ಜೋಡಿಸಿದಂತೆ ಚೂಪಾಗಿ ಬಾಗಿರುತ್ತದೆ, ಮಧ್ಯಮದ್ದು ನಯವಾಗಿ ಬಳುಕುತ್ತದೆ. ಅದರ ತಲೆ ದುಂಡಗೆ, ಕೊಕ್ಕು ಗಿಡ್ಡ. ದುರ್ಬೀನಿಲ್ಲದೆ ಇದು ಆಗುವ ಕೆಲಸವಲ್ಲ, ಬಿಸಿಲಿನ ಝಳ ಏರಿದ ಮೇಲೆ ದುರ್ಬೀನಿದ್ದರೂ ಕಷ್ಟ.

ಇದರ ಮೇಲೆ ‘ಕೊಕ್ಕರೆ’ ಎಂಬ ಹೆಸರಿನ ಗೊಂದಲ ಬೇರೆ. ಶಿಂಷಾ ನದಿಯ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಹೋದವರು ಅಲ್ಲಿನ ಮರಗಳ ಮೇಲಿರುವ ಬಣ್ಣದ ಕೊಕ್ಕರೆಯನ್ನೂ ಹೆಜ್ಜಾರ್ಲೆಯನ್ನೂ ಒಟ್ಟಿಗೆ ಕೊಕ್ಕರೆಯೆನ್ನುತ್ತಾರೆ. ನಮ್ಮ ಮನೆಗಳಲ್ಲಿ ಬೆಳ್ಳಕ್ಕಿಯನ್ನೂ ಅದೇ ಹೆಸರಿನಿಂದ ಕರೆಯುವವರು ಕಡಿಮೆಯೇನಿಲ್ಲ. ಇದನ್ನು ಬಿಡಿಸಲು ಹಾರುವಾಗ ನೋಡಿದರೆ ಸಾಕು: ಬೆಳ್ಳಕ್ಕಿ, ಬಕಗಳು ಕತ್ತನ್ನು ಮಡಿಚಿಕೊಂಡು ಹಾರುತ್ತವೆ, ಕೊಕ್ಕರೆಗಳು ಮುಂದಕ್ಕೆ ಚಾಚಿಕೊಂಡು. ಹೆಜ್ಜಾರ್ಲೆಯೂ ಕತ್ತು ಮಡಿಚುತ್ತದೆ, ಆದರೆ ಅದರ ಚೀಲದ ಕೊಕ್ಕನ್ನು ಕಂಡವರು ಬೆಳ್ಳಕ್ಕಿಯೆಂದು ತಪ್ಪು ತಿಳಿಯಲಾರರು. ಹೆಚ್ಚು ಮೋಸ ಮಾಡುವುದು ಕೊಳದ ಬಕ. ಕುಳಿತಿರುವಾಗ ದಂಡೆಯ ಮಣ್ಣಿನಲ್ಲಿ ಬೆರೆತುಹೋಗುವ ಈ ಕಂದು ಹಕ್ಕಿ ಕಾಲ ಬುಡದಿಂದ ಎದ್ದಾಗ ರೆಕ್ಕೆಗಳು ಅಚ್ಚ ಬಿಳಿ. ‘ಇಲ್ಲಿ ಬೆಳ್ಳಕ್ಕಿ ಎಲ್ಲಿತ್ತು’ ಎಂದು ನಾನು ಎಷ್ಟೋ ಬಾರಿ ಬೆಚ್ಚಿದ್ದೇನೆ.

ಈಗ ನನ್ನ ಪಟ್ಟಿಗಳನ್ನು ಇ-ಬರ್ಡ್ ತಾಣದಲ್ಲಿ ತುಂಬುತ್ತೇನೆ. ಅದರಲ್ಲಿ ‘ಜಾತಿ ತಿಳಿಯದ ಬಿಳಿ ಬೆಳ್ಳಕ್ಕಿ’ ಎಂಬರ್ಥದ ಒಂದು ಆಯ್ಕೆಯೂ ಇದೆ. ಕೆರೆಯ ನಡುವಿನ ದಿಬ್ಬದ ಮೇಲೆ ಪಾದ ಮುಳುಗಿಸಿ, ಬೆನ್ನು ತೋರಿಸಿ ನಿಂತ ಹಕ್ಕಿ ಅರ್ಧ ಗಂಟೆ ಕಾದರೂ ತಿರುಗದಿದ್ದಾಗ ನಾನು ಅದನ್ನೇ ಒತ್ತುತ್ತೇನೆ. ಕಳೆದ ತಿಂಗಳು ಮೂರು ಸಲ ಒತ್ತಿದ್ದಾಯಿತು.